ಜಾಲರಿಯಲ್ಲಿ ಉಳಿದದ್ದು

ಗಾಜಿನ ಜಗ್ಗು ತೊಳೆಯುವಾಗ ಅದರ ಬಾಯಂಚು ಅಜ್ಜಿಯ ಬೆರಳಿಗೆ ಚುರುಕ್ಕೆಂದು ಚುಚ್ಚಿತು. ಸವರಿ ನೋಡಿದರು. ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿತ್ತು. ನಿನ್ನೆ ತೊಳೆದಿಡುವಾಗ ನುಣ್ಣಗಿದ್ದ ಅಂಚು! ಬೆಳಿಗ್ಗೆ ಜಗ್ಗಿಗೆ ಹಾಲು ಬಗ್ಗಿಸುವಾಗ ಪಾತ್ರೆ ಟಣ್ಣನೆ ತಾಗಿದ್ದು ಈಗ ನೆನಪಾಯಿತು.

ಆ ಹಾಲನ್ನು ಗಟಗಟನೆ ಕುಡಿದ ಮೊಮ್ಮಗಳು ಗುಬ್ಬಿ, ನಡುಮನೆಯಲ್ಲಿ ಗೊಂಬೆಗೆ ಗದರುತ್ತಿದ್ದಳು.

ಅಜ್ಜಿ ಜಗ್ಗನ್ನು ಕೆಳಗಿಟ್ಟರು. ಲೋಟಕ್ಕೆ ಹಾಕುವಾಗ ಸೋಸಿದೆನೇ? ಸೋಸದ ಹಾಲನ್ನು ಅವರು ಇದುವರೆಗೆ ಯಾರಿಗೂ ಕೊಟ್ಟವರಲ್ಲ. "ಪ್ಯಾಕೆಟ್ ಹಾಲನ್ನೂ ಸೋಸ್ತೀರಲ್ಲ ಅತ್ತೆ, ಬಿಟ್ರೆ ಕಿಟಕಿ ಗಾಳೀನೂ ಸೋಸಿಯೇ ಒಳಗೆ ಬಿಡ್ತೀರ" ಎಂದು ಸೊಸೆ ನಗುತ್ತಿದ್ದಳು. ಆದರೆ ಇವತ್ತು ಗುಬ್ಬಿಯ ರಂಪಾಟ. ಕೈ ತನ್ನಷ್ಟಕ್ಕೆ ಮಾಡುವ ಕೆಲಸ. ಮಾಡಿತೋ ಇಲ್ಲವೋ, ಮನಸ್ಸಿಗೆ ಗುರುತೇ ಇಲ್ಲ.

ಮೊಳೆಯಲ್ಲಿದ್ದ ಜಾಲರಿಯನ್ನು ಮುಟ್ಟಿದರು. ಒದ್ದೆ. ಆದರೆ ಆಮೇಲೆ ಸೊಸೆಯೂ ಅದರಲ್ಲೇ ಚಹಾ ಸೋಸಿ, ಇದ್ದುದನ್ನೆಲ್ಲ ಕಸದ ಬುಟ್ಟಿಗೆ ಕೊಡವಿದ್ದಳು. ಸೋಸಿದ್ದರೆ ಚೂರು ಆ ಚರಟದಲ್ಲಿರಬೇಕು. ಇಲ್ಲದಿದ್ದರೆ?

ಬುಟ್ಟಿಯಲ್ಲಿದ್ದ ಚರಟವನ್ನು ಬಿಳಿ ತಟ್ಟೆಗೆ ಬಳಿದು ಕಣ್ಣು ಕಿರಿದು ಮಾಡಿದರು. ಬರೀ ಕಂದು ಮಂಜು. ಆರು ತಿಂಗಳಿಂದ ಎಲ್ಲವೂ ಹೀಗೇ. ಬಾಯಿಬಿಟ್ಟರೆ ಮಗುವನ್ನು ತನ್ನ ಕೈಗೆ ಕೊಡಲಾರರು ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ನಡುಮನೆಯಲ್ಲಿ ಗುಬ್ಬಿ ಕೆಮ್ಮಿದಳು.

"ಬಾರೇ ಇಲ್ಲಿ!" ಅಜ್ಜಿ ಸೊಸೆಯನ್ನು ಕೂಗಿದರು.

ಆ ಕೂಗಿಗೆ ಸೊಸೆ ಬಾಚಣಿಗೆ ಹಿಡಿದೇ ಓಡಿಬಂದಳು. "ಏನತ್ತೆ ಇದು, ಕಸಕ್ಕೆಲ್ಲ ಕೈ ಹಾಕ್ಕೊಂಡು..."

"ಜಗ್ಗಿನ ಅಂಚು ಒಡೆದಿದೆ. ಗುಬ್ಬಿ ಅದೇ ಹಾಲು ಕುಡಿದ್ಲು. ಸೋಸಿದ್ನೋ ಇಲ್ವೋ ನೆನಪಾಗ್ತಿಲ್ಲ. ಇದ್ರಲ್ಲಿ ಚೂರಿದ್ಯಾ ನೋಡು. ನಂಗೆ ಕಾಣಲ್ಲ ಕಣಮ್ಮ."

ಸೊಸೆ ತಟ್ಟೆಯನ್ನು ಬೆಳಕಿಗೆ ಎಳೆದುಕೊಂಡಳು. ಬಾಚಣಿಗೆಯ ತುದಿಯಿಂದ ಚರಟ ಕೆದಕಿದಳು. ಏನಿಲ್ಲ. ಮತ್ತೆ ಕೆದಕಿದಳು. ಮುದುಡಿದ ಕೆನೆಯೊಂದನ್ನು ಬಿಡಿಸಿದಾಗ ಅದರೊಳಗೆ ಏನೋ ಮಿಣುಕಿತು. ಆ ಚೂರನ್ನು ಜಗ್ಗಿನ ಅಂಚಿಗೆ ಹಿಡಿದಳು. ಸರಿಯಾಗಿ ಕೂತಿತು.

ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತರು. "ಸದ್ಯ, ಗಾಳಿ ಸೋಸೋರು ನೀವು" ಎಂದು ನಗಲು ಹೋದ ಸೊಸೆ ಅತ್ತುಬಿಟ್ಟಳು. ಆಮೇಲೆ ಅತ್ತೆಯ ಕಣ್ಣನ್ನೇ ನೋಡಿದಳು.

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಆರು ತಿಂಗಳು." ಅಜ್ಜಿ ಜಾಲರಿಯನ್ನು ಮಡಿಲಲ್ಲಿ ಬಿಗಿಹಿಡಿದರು. "ಅವಳ ಹಾಲು ಮಾತ್ರ ನಾನೇ ಕೊಡ್ತೀನಿ ಕಣೇ."

"ಮೊದಲು ಕಣ್ಣಿನ ಡಾಕ್ಟರು. ಆಮೇಲೆ ಮಾತು" ಎಂದ ಸೊಸೆ, ಅತ್ತೆಯ ಕೈಗಳಿಂದ ಜಾಲರಿ ಬಿಡಿಸಿಕೊಂಡು, ತೊಳೆದು, ಅದೇ ಮೊಳೆಗೆ ಸಿಕ್ಕಿಸಿದಳು.