ಪಾದ್ರಿಯ ಪಡಸಾಲೆಯಲ್ಲಿ ಗೂಟ

"ಏ ಮುಂಡೆ, ಸಾಹೇಬ್ರು ಎಲ್ಲಿ ತೋರುಸ್ತಾರೋ ಅಲ್ಲಿ ಗೂಟ ಬಡಿ. ಯಾಕೆ, ಏನು ಅಂತ ಕೇಳಕ್ಕೆ ನಿಂಗೆ ಬಾಯಿಲ್ಲ," ಎಂದರು ಪಾದ್ರಿ ಒಗ್ಮುಂದುರ್, ಕುದುರೆಯಿಂದ ಇಳಿಯದೆಯೇ.

ಹೆರ್ಡಿಸ್ ಕೇಳಿದ್ದು ದೊಡ್ಡದೇನಲ್ಲ. ಅಷ್ಟು ದೊಡ್ಡ ಬಯಲಿರುವಾಗ ಬಿಸಿನೀರು ಹುಡುಕುವ ಯಂತ್ರ ತನ್ನ ಕೊಟ್ಟಿಗೆ ಮುಂದೆಯೇ ಯಾಕೆ ಕೂತಿದೆ ಎಂದಷ್ಟೇ. ಉತ್ತರ ಅವಳಿಗೂ ಗೊತ್ತಿತ್ತು. ಐಸ್‌ಲ್ಯಾಂಡಿಗೆಲ್ಲ ಹಿಮ ಸುರಿದರೂ ಅವಳ ಅಂಗಳದಲ್ಲಿ ಹಿಮ ನಿಲ್ಲುತ್ತಿರಲಿಲ್ಲ. ಪಾದ್ರಿ ಅದನ್ನು ಮೂರು ಚಳಿಗಾಲ ಕಣ್ಣಿಟ್ಟು ನೋಡಿದ್ದರು.

ಮನೆ ಬೆಚ್ಚಗಿಡಲು ಪಟ್ಟಣದವರಿಗೆ ನೆಲದೊಳಗಿನ ಬಿಸಿನೀರು ಬೇಕಾಗಿತ್ತು. ಯಂತ್ರ ತೋರಿದಲ್ಲಿ ಕೊರೆಯಬಹುದು, ಅಲ್ಲಿ ಮನೆಯಿದ್ದರೆ ಫರ್ದಾಗರ್ ಹೊತ್ತಿಗೆ ಖಾಲಿ ಮಾಡಿಸುತ್ತೇನೆ ಎಂದು ಪಾದ್ರಿ ಪತ್ರಕ್ಕೆ ರುಜು ಹಾಕಿದ್ದರು. ಫರ್ದಾಗರ್ ಎಂದರೆ ಒಕ್ಕಲುಗಳು ಗಂಟುಮೂಟೆ ಕಟ್ಟುವ ದಿನ. ಅದಕ್ಕಿನ್ನು ಹದಿಮೂರೇ ದಿನ ಉಳಿದಿತ್ತು. ಚರ್ಚಿನ ಜಮೀನಿನಲ್ಲಿ ಗೇಣಿಗಿದ್ದ ಹೆರ್ಡಿಸಳಿಗೆ ಗಂಡನಿಲ್ಲ, ಒಂದು ಹಸು ಇತ್ತು. ಅದನ್ನು ಹೊಡೆದುಕೊಂಡು ಹೋಗಲು ಬೇರೆ ಜಾಗವೂ ಇರಲಿಲ್ಲ. ಸಾಲದ್ದಕ್ಕೆ ತನ್ನ ಮನೆ ಕೀಳಿಸುವ ತಂತಿಯನ್ನು ತಾನೇ ಹೊರಬೇಕು, ಅದೂ ಬಿಟ್ಟಿ.

ಅವಳು ಒಂದು ದಿಕ್ಕಿಗೆ, ಪಾದ್ರಿ ಮನೆಯ ಮುದಿ ಆಳು ಕೆಟಿಲ್ ಇನ್ನೊಂದು ದಿಕ್ಕಿಗೆ ತಂತಿ ಎಳೆದು, ತುದಿಯಲ್ಲಿ ಕಬ್ಬಿಣದ ಗೂಟ ಬಡಿದು ಉಪ್ಪುನೀರು ಸುರಿಯಬೇಕು. ನಡುವೆ ಕೂತ ಇಂಜಿನಿಯರ್ ಥೋರಿರ್ ನೆಲಕ್ಕೆ ಕರೆಂಟು ಹರಿಸುತ್ತಾನೆ. ಬಿಸಿನೀರಿನ ನೆಲ ಕರೆಂಟನ್ನು ಸಲೀಸಾಗಿ ಬಿಡುತ್ತದೆ, ತಣ್ಣನೆಯ ಕಲ್ಲು ತಡೆಯುತ್ತದೆ. ನೂರು ಮೀಟರಿಗೊಂದರಂತೆ ತಂತಿಗೆ ಕೆಂಪು ಬಟ್ಟೆ ಕಟ್ಟಿತ್ತು. ಎಷ್ಟು ದೂರ ಹೋದೆವೆಂದು ಹೊತ್ತವರು ಫೋನಿನಲ್ಲಿ ಹೇಳಬೇಕು.

ಹಿಂದಿನ ದಿನ ಪಕ್ಕದ ಬಯಲಿನಲ್ಲಿ ಕೆಸರಿಗೆ ಹೇಸಿ ಇಬ್ಬರೂ ಅರ್ಧದಲ್ಲೇ ನಿಂತು, ಪೂರ್ತಿ ಹೋದೆವೆಂದು ಹೇಳಿ ಸಿಕ್ಕಿಬಿದ್ದಿದ್ದರು. ಥೋರಿರ್ ಉಗಿದಿದ್ದ: "ಕತ್ತೆಗಳಾ, ಹತ್ರ ನಿಂತು ದೂರ ಅಂದ್ರೆ ಬಿಸಿ ನೆಲಾನೂ ತಣ್ಣಗೆ ಕಾಣುತ್ತೆ. ದೂರ ನಿಂತು ಹತ್ರ ಅಂದ್ರೆ ತಣ್ಣಗಿರೋದೂ ಕುದಿಯುತ್ತೆ. ನಿಮ್ಮ ತಲೇಲಿ ಇದೆಲ್ಲ ಎಲ್ಲಿ ಇಳೀಬೇಕು?"

ಇಳಿದಿತ್ತು.

ಈವತ್ತು ಮಂಜು ದಟ್ಟವಾಗಿತ್ತು. ಹೆರ್ಡಿಸ್ ಎರಡನೇ ಕೆಂಪು ಬಟ್ಟೆಗೇ ನಿಂತು ಗೂಟ ಬಡಿದಳು.

"ಎಷ್ಟು ದೂರ?"

"ನಾನೂರು ಮೀಟ್ರು, ಸಾಮಿ."

"ನಂದೂ ನಾನೂರೇ," ಎಂದಿತು ಕೆಟಿಲನ ಗೊಗ್ಗರು ದನಿ. ಅವನದೂ ಇನ್ನೂರೇ.

"ಥತ್, ಬರೀ ಕಲ್ಲು. ಹೆಣದ ಹಾಗೆ ತಣ್ಣಗಿದೆ," ಎಂದ ಥೋರಿರ್.

ಹೆರ್ಡಿಸಳಿಗೆ ನಗು ಒತ್ತರಿಸಿಕೊಂಡು ಬಂತು. ಸೆರಗಿಲ್ಲದ ಊರಿನವಳು, ಉಣ್ಣೆ ಟೊಪ್ಪಿಯನ್ನೇ ಬಾಯಿಗೆ ತುರುಕಿಕೊಂಡಳು. ಥೋರಿರ್ ಕೂತ ಸ್ಟೂಲಿನ ಕೆಳಗೆ, ಎರಡು ಗೇಣು ಆಳದಲ್ಲಿ, ಅವಳು ಹಿಂದಿನ ದಿನ ಹೂತಿಟ್ಟ ಮಡಕೆಯಲ್ಲಿ ನೆಲದ ಕಾವಿಗೇ ರೈ ರೊಟ್ಟಿ ಬೇಯುತ್ತಿತ್ತು. ಅವನು ಯಂತ್ರ ಜೀಪಿಗೇರಿಸುವಷ್ಟರಲ್ಲಿ ಅದನ್ನು ಅಗೆದು ತೆಗೆದು, ಬೆಣ್ಣೆ ಸವರಿ ಕೊಟ್ಟಳು. ಅವನು ಹಬೆ ಊದಿಕೊಂಡು ಮೂರು ತುಂಡು ತಿಂದ. ಒಲೆ ಎಲ್ಲಿದೆ ಎಂದು ಕೇಳಲಿಲ್ಲ.

ಮಾರನೇ ದಿನ ಮಳೆ. ಕೊಟ್ಟಿಗೆ ಮುಂದೆ ತಣ್ಣಗಿದೆ ಎಂದರೆ ಪಾದ್ರಿ ನಂಬಲಿಲ್ಲ. ಹೋಲಿಸಿ ನೋಡಲು ತಣ್ಣನೆಯದೊಂದು ಜಾಗ ಬೇಕೆಂದ ಥೋರಿರನನ್ನು ಪಾದ್ರಿಯೇ ತಮ್ಮ ಮನೆಯ ಪಡಸಾಲೆಗೆ ಕರೆದು, ಮೇಜಿನ ಮೇಲೆ ಯಂತ್ರ ಇಡಿಸಿ, ಕಾಫಿ ಕೊಟ್ಟರು. ತಂತಿಗಳು ಎರಡು ಕಿಟಕಿಯಿಂದ ಹೊರಬಿದ್ದವು. ಹೆರ್ಡಿಸ್ ಸಮಾಧಿಗಳ ಗೋಡೆ ದಾಟಿ ನಾಲ್ಕನೇ ಬಟ್ಟೆಯವರೆಗೂ ಹೋದಳು. ಅಷ್ಟು ಹಗುರವಾಗಿ ಅವಳು ಮದುವೆಯ ದಿನವೂ ನಡೆದಿರಲಿಲ್ಲ.

"ಇನ್ನೂರು, ಸಾಮಿ."

"ನಂದೂ ಅಷ್ಟೇಯ," ಎಂದ ಕೆಟಿಲ್.

ಫೋನಿನಲ್ಲಿ ಪೆನ್ಸಿಲ್ ಗೀಚುವ ಸದ್ದು ಕೇಳಿತು. ಆಮೇಲೆ, "ಇಬ್ರೂ ಬನ್ನಿ. ಗೂಟ, ಸುತ್ತಿಗೆ ತನ್ನಿ," ಎಂದಿತು.

ಅವರು ಒಳಗೆ ಬಂದಾಗ ಥೋರಿರ್ ಕಂಬಳಿ ಹಾಸು ಸುತ್ತಿ ಮರದ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ.

"ಸುಳ್ಳು," ಎಂದರು ಪಾದ್ರಿ. "ಚಳಿಗಾಲದಲ್ಲಿ ಈ ಕೋಣೇಲಿ ಮಸಿಕುಡಿಕೆ ಹೆಪ್ಪುಗಟ್ಟುತ್ತೆ ಕಣಯ್ಯ."

"ಯಂತ್ರಕ್ಕೆ ಸುಳ್ಳು ಬರಲ್ಲ ಪಾದ್ರಿಗಳೇ. ಕೊಟ್ಟಿಗೆ ಹತ್ರ ತಣ್ಣಗಿದೆ ಅಂದಾಗ ನೀವು ನಂಬಲಿಲ್ಲ. ಬಿಸಿ ಇರೋದು ಇಲ್ಲಿ. ಪತ್ರಕ್ಕೆ ರುಜು ನಿಮ್ಮದೇ. ಫರ್ದಾಗರಿಗೆ ಮನೆ ಖಾಲಿ ಆಗಬೇಕು." ಅವನು ಹೆರ್ಡಿಸಳಿಗೆ ಗುರುತು ತೋರಿಸಿದ. "ಕೊರೆಯೋದು ಇಲ್ಲಿ. ಗುರುತಿಗೆ ಗೂಟ ಬಡಿ."

ಪಾದ್ರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಹೆರ್ಡಿಸ್, ನೋಡಮ್ಮ, ಸುತ್ತಿಗೆ ಕೆಳಗಿಡು."

ಹದಿನೇಳು ವರ್ಷದಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಸಾಹೇಬ್ರು ಎಲ್ಲಿ ತೋರುಸ್ತಾರೋ ಅಲ್ಲಿ ಬಡೀಬೇಕು ಅಂದಿದ್ರಿ, ಸಾಮಿ," ಎಂದಳು ಅವಳು. "ಯಾಕೆ, ಏನು ಅಂತ ಕೇಳಕ್ಕೆ ನಂಗೆ ಬಾಯಿಲ್ಲ."

"ಬಡಿಯವ್ವ," ಎಂದ ಕೆಟಿಲ್, ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತ. "ಈ ಬೋಳೀಮಗನ ಕಾಲ್ಮರಿ ಒರೆಸಿ ಒರೆಸಿ ನನ್ನ ಸೊಂಟ ಬಿತ್ತು. ನನ್ನ ಲೆಕ್ಕದ್ದೂ ಒಂದು ಬಡಿ."

ಮೂರನೇ ಏಟಿಗೆ ಹಲಗೆ ಸೀಳಿತು. ಗೂಟ ಮಣ್ಣಿಗಿಳಿಯಿತು. ನೆಟ್ಟಗಿದೆಯೇ ಎಂದು ಹೆರ್ಡಿಸ್ ಅದನ್ನು ಹಿಡಿದು ನೋಡಿದಳು. ಕಬ್ಬಿಣ ಅಂಗೈ ಮರಗಟ್ಟುವಷ್ಟು ತಣ್ಣಗಿತ್ತು.

ಅವಳು ಎರಡೂ ಅಂಗೈಗೆ ಉಗುಳಿಕೊಂಡು ಮತ್ತೆ ಸುತ್ತಿಗೆ ಎತ್ತಿದಳು.