ಕಾಲು ಬಿಟ್ಟು

ಮಾರ್ಚ್ ಹನ್ನೆರಡು, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ನೀರು ಪರೀಕ್ಷಾ ಕೇಂದ್ರದ ಹಿಂದಿನ ಅಂಗಳದಲ್ಲಿ ಮಾವ ಜೀಪಿನ ಮುಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂರಲು ಹೋಗಿ, ಮಂಡಿ ಒಪ್ಪದೆ ಅರ್ಧಕ್ಕೇ ನಿಂತು, ಸೊಸೆಯನ್ನು ಕರೆದರು. ಚಕ್ರದ ನಡುವಿನ ಬಿಲ್ಲೆಯನ್ನು ತಿರುಗಿಸಿ ಬಿಗಿ ಮಾಡುವ ಕೆಲಸ ಅವಳ ಪಾಲಿಗೆ ಬಂತು. ಅದನ್ನು ಹೊರಡುವ ಮುಂಚೆಯೇ ಮಾಡಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಒಳಗಿನಿಂದ, ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಕೊಡುವ ಲಿವರ್ ಹಾಕಿದರೂ ಮುಂದಿನ ಚಕ್ರಗಳು ಸುಮ್ಮನೆ ಉರುಳುತ್ತವೆಯೇ ಹೊರತು ಎಳೆಯುವುದಿಲ್ಲ.

ಮಾವ ಎಂದರೆ ಅವಳ ತಾಯಿಯ ತಮ್ಮ, ಕೇಂದ್ರದ ಚಾಲಕ. ಅವಳು ಅಲ್ಲಿಯೇ ಪರೀಕ್ಷಕಿ. ಉಳಿದವರೆಲ್ಲ ಅವರನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಸೋಮವಾರ ಅವರ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ತಿಂಗಳುಗಟ್ಟಲೆ ಕ್ಲಚ್ ಮುಟ್ಟುವಂತಿಲ್ಲ. ಇನ್ನೊಬ್ಬ ಚಾಲಕನಿದ್ದ; ಗುಡ್ಡದ ದಾರಿ ಎಂದ ಕೂಡಲೇ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ಅವಳು ಕೇಳಿದಾಗ ಮೇಡಂ, ಅಂದರೆ ಕೇಂದ್ರದ ಮುಖ್ಯಸ್ಥೆ, ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಗುರುವಾರ ತಾವೂ ಜೊತೆಗೆ ಬಂದು ನೋಡುವುದಾಗಿಯೂ, ಆಗದಿದ್ದರೆ ರಸ್ತೆ ಆಗುವ ತನಕ ಗುಡ್ಡದ ಮೇಲಿನ ಕುಡಿಯುವ ನೀರಿನ ತೊಟ್ಟಿಯನ್ನು ವಾರದ ಪರೀಕ್ಷೆಯ ಸುತ್ತಿನಿಂದ ಕೈಬಿಡುವುದಾಗಿಯೂ ಹೇಳಿದರು. ರಸ್ತೆ ಆಗುವ ತನಕ ಎಂದರೆ ಯಾವ ತನಕ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆ ತೊಟ್ಟಿಯ ನೀರು ಕುಡಿಯುವ ಮನೆಗಳು ಗುಡ್ಡದ ಮೇಲೆ ಮೂವತ್ತರ ಆಸುಪಾಸು. ಮಣ್ಣು ಕುಸಿದು ನೀರು ಕೆಟ್ಟ ಮೇಲೆ ಅಲ್ಲಿಯವರು ಕುದಿಸಿಯೇ ಕುಡಿಯುತ್ತಿದ್ದರು. ಹನಿಹನಿಯಾಗಿ ಕ್ಲೋರಿನ್ ಬಿಡುವ ಹೊಸ ಡಬ್ಬಿಯನ್ನು ತೊಟ್ಟಿಗೆ ಕೂರಿಸಿ ಆಗಿತ್ತು. ಆದರೆ ವಾರವಾರ ಯಾರಾದರೂ ಹೋಗಿ ಅಳೆದು ಅದರ ತಿರುಪನ್ನು ಸರಿಮಾಡದಿದ್ದರೆ, ಇನ್ನು ಕುದಿಸಬೇಕಿಲ್ಲ ಎಂದು ಆ ಜನಕ್ಕೆ ಹೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

ದಾರಿಯ ಕಷ್ಟವೆಲ್ಲ ಒಂದೇ ಕಡೆ ಇತ್ತು. ಕೊನೆಯ ತಿರುವಿನ ತನಕ ಡಾಂಬರು. ಒಣ ಡಾಂಬರಿನ ತಿರುವುಗಳಲ್ಲಿ ನಾಲ್ಕು ಚಕ್ರಗಳನ್ನೂ ಒಟ್ಟಿಗೆ ಕಟ್ಟಿಹಾಕುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗಿ, ಗೇರುಗಳು ಒಂದನ್ನೊಂದು ತಿರುಚಿ ಹಿಡಿಯುತ್ತವೆ. ತಿರುವು ದಾಟಿದರೆ ಜಲ್ಲಿ ಹಾಸಿದ ಚಿಕ್ಕದೊಂದು ನೇರ ಏರು. ಅದರ ತುದಿಯಿಂದ ಜೇಡಿಮಣ್ಣು. ಏರಿನಲ್ಲಿ ನಿಲ್ಲಿಸಿ ಲಿವರ್ ಹಾಕಿದರೆ ಜೇಡಿಯನ್ನು ದಾಟಲು ಬೇಕಾದ ಓಟ ಮತ್ತೆ ಸಿಗದು. ಜೇಡಿಯಲ್ಲೇ ನಿಂತರೆ ಟ್ರಾಕ್ಟರಿಗೆ ಹೇಳಿಕಳಿಸಬೇಕು. ಹಾಗಾಗಿ ಆ ಚಿಕ್ಕ ಏರಿನಲ್ಲಿ, ಓಡುತ್ತಿರುವಾಗಲೇ, ಕೆಲಸ ಆಗಬೇಕು.

ಮಾವ ವಾರವಿಡೀ ಹೇಳಿಕೊಟ್ಟದ್ದು ಒಂದೇ ಪಾಠ. “ಸ್ಟೀರಿಂಗ್ ನೇರ ಇಟ್ಕೋ. ನಲವತ್ತು ದಾಟ್ಬೇಡ. ಕಾಲು ಬಿಟ್ಟು ಲಿವರ್ ಹಾಕು.” ಅವಳು ಹಾಗೇ ಮಾಡುತ್ತಿದ್ದಳು. ಕೇಂದ್ರದ ಹಿಂದಿನ ಬಯಲಿನಲ್ಲಿ ಲಿವರ್ ಒಮ್ಮೆ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಕೂರುತ್ತಿತ್ತು, ಇನ್ನೊಮ್ಮೆ ಕರಕರ ಹಲ್ಲು ಕಡಿಯುತ್ತಿತ್ತು. ಲಿವರಿಗೂ ತಮ್ಮ ಮಂಡಿಗೂ ಒಂದೇ ಕಾಯಿಲೆ ಎಂದು ಮಾವ ತೀರ್ಮಾನಿಸಿದ್ದರು.

ಹಿಂದಿನ ಸೀಟಿನಲ್ಲಿ ಮೇಡಂ ಸೀಸೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಾವ ಅವಳ ಪಕ್ಕದಲ್ಲಿ ಕೂತರು. ಅವಳು ಕೊನೆಯ ತಿರುವಿನ ತನಕ ಡಾಂಬರಿನ ಮೇಲೆ ಓಡಿಸಿಕೊಂಡು ಬಂದಳು. ರಾತ್ರಿಯ ಮಳೆಗೆ ಮೇಲಿನ ಜೇಡಿ ಹೊಳೆಯುತ್ತಿತ್ತು. ಚಕ್ರ ಜಲ್ಲಿಗೆ ತಾಗಿದ್ದೇ ಅವಳು ಸ್ಟೀರಿಂಗ್ ನೇರ ಮಾಡಿ, ಆಕ್ಸಿಲರೇಟರನ್ನು ಸಡಿಲಿಸಿ, ಲಿವರ್ ಎಳೆದಳು. ಕರಕರ ಸದ್ದು ತಳದಿಂದ ಎದ್ದು ಸೀಟಿನ ತನಕ ಬಂತು. ಲಿವರ್ ಕೂರಲಿಲ್ಲ. ಜೇಡಿಗೆ ಮೊದಲೇ ಬ್ರೇಕ್ ಹಾಕಿ ನಿಲ್ಲಿಸಿದಳು.

“ಕಾಲು ಬಿಡು ಅಂತ ಎಷ್ಟು ಸಲ ಹೇಳೋದು?” ಎಂದರು ಮಾವ.

“ಬಿಟ್ಟಿದ್ನಲ್ಲ ಮಾವ. ಅಳತೆ ಮಾಡಿದ ಹಾಗೆ ಬಿಟ್ಟಿದ್ದೆ. ಮುಕ್ಕಾಲು ತೆಗೆದು ಕಾಲು ಬಿಟ್ಟಿದ್ದೆ.”

ಮಾವ ಈ ಒಂದು ವಾರದಲ್ಲಿ ಮೊದಲ ಸಲ ದಾರಿಯಿಂದ ಕಣ್ಣು ತೆಗೆದು ಅವಳ ಪಾದದ ಕಡೆ ನೋಡಿದರು. ಅದು ಇನ್ನೂ ಬ್ರೇಕಿನ ಮೇಲೇ ಇತ್ತು.

“ಮುಕ್ಕಾಲಾ? ನಿಂಗೆ ದೇವರು ಕೊಟ್ಟಿರೋದು ಎರಡೇ ಕಾಲು ಕಣೇ.”

ಹಿಂದಿನಿಂದ ನಗು ಕೇಳಿಸಿತು. ಮೇಡಂ ಪೆಟ್ಟಿಗೆಯನ್ನು ಅವುಚಿಕೊಂಡು ನಗುತ್ತಿದ್ದರು. ಕೇಂದ್ರಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನ ಅವರು ಕಲಿಸುವ ಮಾತೇ ಅದು: ಸೀಸೆಗೆ ನೀರು ಹಿಡಿಯುವಾಗ ಕಾಲು ಬಿಟ್ಟು ತುಂಬು. ಕುಲುಕಲು ಜಾಗ ಬೇಕಲ್ಲ, ಕಾಲು ಭಾಗ ಖಾಲಿ ಇರಲಿ ಎಂದು. ದಿನಬೆಳಗಾದರೆ ಅದನ್ನೇ ಮಾಡುವವಳಿಗೆ ಜೀಪಿನಲ್ಲೂ ಕಾಲು ಎಂದರೆ ನಾಲ್ಕರಲ್ಲಿ ಒಂದು ಪಾಲು. ಅದೂ ಅಲ್ಲದೆ ಏರಿನಲ್ಲಿ ಪಾದವನ್ನು ಪೂರ್ತಿ ಎತ್ತುವುದು ಹುಚ್ಚುತನವೆಂದು ಅವಳಿಗೆ ತೋರಿತ್ತು. ಕಾಲು ಭಾಗ ಉಳಿಸಿಕೋ ಎಂಬುದು ಬುದ್ಧಿವಂತರ ಮಾತಿನಂತೆ ಕೇಳಿಸಿತ್ತು.

ಪೂರ್ತಿ ಎತ್ತಿದರೆ ಜೀಪು ನಿಂತುಹೋಗುವುದಿಲ್ಲವೇ ಎಂದು ಕೇಳಿದಳು. ನಿಲ್ಲುವುದಿಲ್ಲ ಎಂದರು ಮಾವ. ಯಾಕೆ ಎತ್ತಬೇಕು ಎಂದಾಗ ಮಾತ್ರ ಅವರು ಗಡ್ಡ ಕೆರೆದುಕೊಂಡರು. “ಅದು ನಂಗೊತ್ತಿಲ್ಲ. ನನ್ನ ಕಾಲಿಗೆ ಗೊತ್ತು.”

ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟು ಯೋಚಿಸಿದಳು. ಕಾಲು ಭಾಗ ಒತ್ತಿದ್ದರೂ ಎಂಜಿನ್ ಹಿಂದಿನ ಚಕ್ರಗಳನ್ನು ತಳ್ಳುತ್ತಲೇ ಇರುತ್ತದೆ. ಸಡಿಲ ಜಲ್ಲಿಯಲ್ಲಿ ಅವು ತುಸು ಜಾರಿ ಹೆಚ್ಚು ಸುತ್ತುತ್ತವೆ. ಮುಂದಿನವು ನೆಲದ ವೇಗಕ್ಕೆ ಸುಮ್ಮನೆ ಉರುಳುತ್ತವೆ. ಎರಡು ವೇಗಗಳ ಹಲ್ಲುಗಳನ್ನು ಒಂದಕ್ಕೊಂದು ಕೂರಿಸಲು ಹೋದರೆ ಕರಕರ ಎನ್ನದೆ ಏನು ಮಾಡಿಯಾವು? ಪಾದ ಪೂರ್ತಿ ಎತ್ತಿದ ಆ ಒಂದು ಗಳಿಗೆ ನಾಲ್ಕೂ ನೆಲದ ವೇಗಕ್ಕೇ ಉರುಳುತ್ತವೆ. ಆಗ ಯಾರೂ ಯಾರನ್ನೂ ತಳ್ಳುತ್ತಿರುವುದಿಲ್ಲ. ಬಯಲಿನಲ್ಲಿ ಒಮ್ಮೆ ಕೂತು ಒಮ್ಮೆ ಕೂರದಿದ್ದದ್ದೂ ಇದಕ್ಕೇ. ಒಣ ನೆಲದಲ್ಲಿ ಜಾರಿಕೆ ಇರಲಿಲ್ಲ, ಹಸಿಯಲ್ಲಿ ಇತ್ತು. ಇದನ್ನು ಅವಳು ಹೇಳಿದಾಗ ಮಾವ, ಹಾಗಾದರೆ ಲಿವರಿಗೆ ಕಾಯಿಲೆ ಏನೂ ಇಲ್ಲವೆಂದಾಯಿತು ಎಂದರು.

ಅವಳು ಜೀಪನ್ನು ಹಿಂದಕ್ಕೆ ಇಳಿಸಿ ಡಾಂಬರಿಗೆ ತಂದಳು. ಮತ್ತೆ ತಿರುವು, ಮತ್ತೆ ಜಲ್ಲಿ. ಸ್ಟೀರಿಂಗ್ ನೇರವಾಯಿತು. ಪಾದವನ್ನು ಪೂರ್ತಿ ಎತ್ತಿದಳು. ಜೀಪು ಏರಿನಲ್ಲಿ ಉಸಿರು ಬಿಟ್ಟಂತೆ ತಗ್ಗಿತು. ಆ ಬಿಡುವಿನಲ್ಲೇ ಕೈ ಲಿವರನ್ನು ಎಳೆಯಿತು. ಸದ್ದೇ ಇಲ್ಲ. ಮೀಟರ್ ಫಲಕದಲ್ಲಿ ಹಸಿರು ದೀಪ ಹತ್ತಿತು. ಪಾದ ಮತ್ತೆ ಮೆತ್ತಗೆ ಇಳಿಯಿತು, ಮುಂದಿನ ಚಕ್ರಗಳು ನೆಲವನ್ನು ಹಿಡಿದು ಎಳೆಯುವುದು ಅಂಗೈಗೆ ಗೊತ್ತಾಯಿತು. ಜೇಡಿ ಎರಡೂ ಬದಿಗೆ ಚಿಮ್ಮಿತು. ಒಂದೆಡೆ ಜೀಪಿನ ಹಿಂಭಾಗ ಪಕ್ಕಕ್ಕೆ ಸರಿದು, ತಾನೇ ಸರಿಹೋಯಿತು. ಜೀಪು ಗಟ್ಟಿ ನೆಲಕ್ಕೆ ಬಂತು.

“ಮುಂದಿನ ಗುರುವಾರ ನಾನು ಬರಲ್ಲ,” ಎಂದರು ಮೇಡಂ. “ನಿಮ್ಮ ಮಾವನೂ ಇರಲ್ಲ. ಸೀಸೆ ಪೆಟ್ಟಿಗೆಗೆ ಒಂದು ಬೆಲ್ಟ್ ಕಟ್ಟಿಸ್ಕೊಳ್ಳಿ.”

ಹೊಟ್ಟೆನೋವಿನವನ ಹತ್ತಿರ ಇದನ್ನು ಹೇಳಬೇಡ, ಅವನಿಗೆ ಹೊಟ್ಟೆಕಿಚ್ಚೂ ಶುರುವಾದೀತು ಎಂದು ಮಾವ ಮೆಲ್ಲಗೆ ಅಂದರು.

ತೊಟ್ಟಿಯ ಬಳಿ ಕೊಡ ಹಿಡಿದ ಅಜ್ಜಿಯೊಬ್ಬರು ಕಾಯುತ್ತಿದ್ದರು. ಇನ್ನೂ ಎಷ್ಟು ದಿನ ಕುದಿಸಬೇಕು, ಸೌದೆ ಸಾಕಾಗುತ್ತಿಲ್ಲ ಎಂದರು. ಅವಳು ಗಾಜಿನ ನಳಿಕೆಗೆ ನೀರು ಹಿಡಿದು, ಕ್ಲೋರಿನ್ ಅಳೆಯುವ ಗುಳಿಗೆ ಹಾಕಿ ಕುಲುಕಿದಳು. ನೀರು ತಿಳಿಗುಲಾಬಿಗೆ ತಿರುಗಿತು. ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕ ಬೆಳಕಿಗೆ ಹಿಡಿದು, ಎರಡು ಸಲ ಹೋಲಿಸಿ ನೋಡಿದಳು.

“ಇನ್ನೆರಡು ವಾರ ಹೀಗೇ ಬಂದ್ರೆ ಒಲೆ ಆರಿಸ್ಬಹುದು ಅಜ್ಜಿ. ನಾನೇ ಬಂದು ನೋಡಿ ಹೇಳ್ತೀನಿ.”

ನೀರಿನಲ್ಲಿ ಉಳಿದಿದ್ದ ಕ್ಲೋರಿನ್ ಲೀಟರಿಗೆ 0.4 ಮಿಲಿಗ್ರಾಂ, ಇರಬೇಕಾದಷ್ಟು.