ಹಾಡಿನ ಕೊನೆಯ ನಗು

ಹಾಲು ಉಕ್ಕಿ ಒಲೆಯೆಲ್ಲ ತೊಯ್ದು ಹೋಗಿತ್ತು. ಕಾಜಾ ಅಕ್ಕ ಒಲೆಗೆ ಬೆನ್ನು ಹಾಕಿ ಮಗಳ ಅಂಗಿ ಮಡಚುತ್ತಿದ್ದಳು. ಹಾಲು ಚುಂಯ್ ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ.

“ಏ, ಹಾಲು! ಹಾಲು ಕಣೇ!” ಗಂಡ ಓಡಿ ಬಂದು ಒಲೆ ಆರಿಸಿದ. “ನಿನ್ನನ್ನ ಕರೆಯೋಕೆ ಇನ್ಮೇಲೆ ಮೈಕು ತರಬೇಕು ನೋಡು.”

ಅವಳು ನಗಲು ಹೋದಳು. ಬಲಗಿವಿಯಲ್ಲಿ ಚಳುಕು ಹೊಡೆದು ಮುಖ ಕಿವುಚಿಕೊಂಡಿತು.

ಹೊಲಿಗೆ ಶೆಡ್ಡಿನಲ್ಲಿ ಅಂಗಿಗಳಿಗೆ ಕಾಜಾ ಮಾಡುವುದು, ಎಂದರೆ ಗುಂಡಿ ತೂರಿಸುವ ಕಂಡಿ ಹೊಲಿಯುವುದು, ಅವಳ ಕೆಲಸ. ಹೀಗಾಗಿ ಎಲ್ಲರ ಬಾಯಲ್ಲೂ ಅವಳು ಕಾಜಾ ಅಕ್ಕ. ಪಕ್ಕದಲ್ಲೇ ಅವಳ ಒಡಹುಟ್ಟಿದ ತಂಗಿ ಕೂತು ಗುಂಡಿ ಹಚ್ಚುತ್ತಿದ್ದಳು, ಹಾಡುತ್ತಾ ಹಚ್ಚುತ್ತಿದ್ದಳು. ಜ್ವರವೆಂದು ಮಲಗಿದ ತಂಗಿ ಮತ್ತೆ ಏಳಲಿಲ್ಲ. ಈಗ ಆ ಜಾಗದಲ್ಲಿ ಬೇರೆ ಯಾರೋ ಕೂರುತ್ತಾರೆ. ಅಕ್ಕನ ಫೋನಿನಲ್ಲಿ ಉಳಿದದ್ದು ಒಂದೇ ಒಂದು ಹಾಡು, ಊಟದ ಬಿಡುವಿನಲ್ಲಿ ತಂಗಿಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡದ್ದು. ಹಾಡು ಮುಗಿಯುವಾಗ ಕಳ್ಳತನ ಗೊತ್ತಾಗಿ ತಂಗಿ ಕಿಲಕಿಲನೆ ನಗುತ್ತಾಳೆ. ಆ ನಗುವಿಗಾಗಿಯೇ ಅಕ್ಕ ಕೆಲಸದಲ್ಲಿ ಇಯರ್‌ಫೋನ್ ಹಾಕಿಕೊಂಡು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಅಷ್ಟರಲ್ಲಿ ಮೇಲಿನ ಮನೆಯ ನರ್ಸಮ್ಮ ಅಂಚಿನ ಹೊಲಿಗೆ ಬಿಟ್ಟ ಸಮವಸ್ತ್ರವನ್ನು ಹೊಲಿಸಲೆಂದು ಹಿಡಿದು ಬಂದರು. ಅವರು ಕಿವಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಮೇಜಿನ ಮೇಲಿದ್ದ ಇಯರ್‌ಫೋನ್ ಅವರ ಕಣ್ಣಿಗೆ ಬಿತ್ತು. ಅದರ ಎರಡೂ ತುದಿಗೆ ಬಟ್ಟೆ ಚೂರು ಸುತ್ತಿ, ಮೇಲೆ ಎಲಾಸ್ಟಿಕ್ ದಾರ ಬಿಗಿದಿತ್ತು.

“ಇದೇನೇ ಅಕ್ಕ, ಇದಕ್ಕೂ ಗಾಯ ಆಗಿದ್ಯಾ? ಬ್ಯಾಂಡೇಜು ಕಟ್ಟಿದ್ದೀಯಲ್ಲ!”

“ಕಿವಿಯಿಂದ ಜಾರಿ ಜಾರಿ ಬೀಳ್ತಿತ್ತು ನರ್ಸಮ್ಮ. ಅಳತೆ ಸಾಲದೆ ಹೋದ್ರೆ ಬಟ್ಟೆ ಸೇರಿಸೋದು ನಮ್ಮ ಕಸುಬು ತಾನೇ?”

“ನೋಯಲ್ವಾ?”

“ಹೊಸ ಚಪ್ಪಲಿ ಕಚ್ಚಲ್ವಾ? ಹಾಗೇ. ಅಭ್ಯಾಸ ಆಗತ್ತೆ.”

“ಸದ್ದು ಎಷ್ಟಿಡ್ತೀಯ?”

“ಪೂರ್ತಿ. ಅಷ್ಟೊಂದು ಮಿಷನ್ನು ಒದರುವಾಗ ಇನ್ನೇನು ಮಾಡ್ಲಿ?” ಅಕ್ಕ ದನಿ ತಗ್ಗಿಸಿದಳು. “ಆದ್ರೂ ಈಚೆಗೆ ಹಾಡೇ ಸವೆದುಹೋಗಿದೆ. ಒಗೆದು ಒಗೆದು ಬಟ್ಟೆ ಬಣ್ಣ ಬಿಡತ್ತಲ್ಲ, ಹಾಗೆ. ಕೊನೇಲಿ ಅವಳ ನಗು ಇತ್ತು, ಅಳಿಸಿಹೋಗಿದೆ. ಅದಕ್ಕೇ ಈಗ ದಿನಕ್ಕೊಂದೇ ಸಲ ಹಾಕ್ಕೋತೀನಿ. ಉಳಿದಿರೋದಾದ್ರೂ ಉಳೀಲಿ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗಳು ಅಮ್ಮನ ಫೋನೆತ್ತಿ ಹಾಡು ಹಾಕಿದಳು. ತಂಗಿಯ ದನಿ ಅಡುಗೆಮನೆ ತುಂಬಿತು. ಗಂಡ ಹಾಲು ಒರೆಸುವುದನ್ನು ನಿಲ್ಲಿಸಿದ.

“ನೋಡಿದ್ರಾ?” ಎಂದಳು ಅಕ್ಕ. “ಇಲ್ಲಿಗೇ ನಿಂತುಹೋಗತ್ತೆ.”

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ.

“ಇಲ್ಲಮ್ಮಾ,” ಎಂದಳು ಮಗಳು. “ಚಿಕ್ಕಮ್ಮ ನಗ್ತಾ ಇದ್ದಾಳೆ. ಈಗ. ಇನ್ನೂ ನಗ್ತಾ ಇದ್ದಾಳೆ.”

ಕಾಜಾ ಅಕ್ಕ ಫೋನು ಕಿತ್ತುಕೊಂಡು ಒಂದು ಕಿವಿಗೆ ಒತ್ತಿದಳು, ಇನ್ನೊಂದಕ್ಕೆ ಒತ್ತಿದಳು. ಏನೂ ಇಲ್ಲ. ನರ್ಸಮ್ಮ ಮೆಲ್ಲಗೆ ಅವಳ ಕೈ ಹಿಡಿದರು.

“ಹಾಡು ಸವೆದಿಲ್ಲ ಅಕ್ಕ. ಸವೆದಿರೋದು ನಿನ್ನ ಕಿವಿ.”

ಮರುದಿನ ಡಾಕ್ಟರು ಪರೀಕ್ಷೆ ಮಾಡಿದರು. ಬಟ್ಟೆ ತಿಕ್ಕಿ ಆದ ಹುಣ್ಣು ಔಷಧಿಗೆ ಮಾಯುತ್ತದೆ ಎಂದರು. ಆದರೆ ಮಿಷನ್ನುಗಳ ಗದ್ದಲ, ಅದರ ಮೇಲೆ ಪೂರ್ತಿ ಸದ್ದಿನ ಹಾಡು, ಎರಡೂ ಸೇರಿ ಕಿವಿಯ ಒಳಭಾಗಕ್ಕೆ ಪೆಟ್ಟಾಗಿತ್ತು. ಸಣ್ಣ, ತೆಳು ದನಿಗಳು ಮೊದಲು ಹೋಗುತ್ತವಂತೆ. ಹೀಗೆ ಹೋದದ್ದು ಮರಳುವುದಿಲ್ಲವಂತೆ.

“ಇನ್ನೂ ಸ್ವಲ್ಪ ಜೋರಾಗಿ ಇಟ್ರೆ ಆ ನಗು ಕೇಳ್ಬಹುದೇನೋ ಸಾರ್?” ಗಂಡ ಆಸೆಯಿಂದ ಕೇಳಿದ.

“ಜೋರಾಗಿ ಇಟ್ಟಿಟ್ಟೇ ಇಲ್ಲಿಗೆ ಬಂದಿರೋದು. ಹಾಡಾದ್ರೂ ಉಳೀಬೇಕು ಅಂದ್ರೆ ಸದ್ದು ಇಳಿಸಿ.”

ಹುಣ್ಣು ಮಾದ ಮೇಲೆ ನರ್ಸಮ್ಮ ಅವಳನ್ನು ಅಂಗಡಿಗೆ ಕರೆದೊಯ್ದರು. ಹೊಸ ಇಯರ್‌ಫೋನಿನ ಡಬ್ಬಿಯಲ್ಲಿ ಮೆತ್ತನೆಯ ರಬ್ಬರ್ ತುದಿಗಳು ಸಣ್ಣದು, ನಡುವಿನದು, ದೊಡ್ಡದು ಎಂದು ಜೊತೆಜೊತೆಯಾಗಿದ್ದವು.

“ನೀನು ಗುಂಡಿ ಅಳತೆ ನೋಡ್ದೆ ಕಾಜಾ ಮಾಡ್ತೀಯಾ?”

“ಹುಚ್ಚು ಹಿಡಿದಿದ್ಯಾ ನಂಗೆ!”

“ಮತ್ತೆ ಕಿವಿ ಏನು ಪಾಪ ಮಾಡಿತ್ತು? ಹಾಕ್ಕೊಂಡು ತಲೆ ಅಲ್ಲಾಡಿಸು, ಬಾಯಿ ತೆಗೆದು ಮುಚ್ಚು. ಜಾರಬಾರದು, ಒತ್ತಲೂಬಾರದು. ಸರಿಯಾಗಿ ಕೂತ್ರೆ ಹೊರಗಿನ ಗಲಾಟೆ ತಾನಾಗೇ ಕಮ್ಮಿ ಆಗತ್ತೆ. ಅರ್ಧ ಸದ್ದು ಸಾಕು.”

ಎಡಗಿವಿಗೆ ಸಣ್ಣ ತುದಿ ಸರಿಹೋಯಿತು, ಬಲಗಿವಿಗೆ ನಡುವಿನದು. ಎರಡು ಕಿವಿಗೆ ಎರಡು ಅಳತೆ! ಇಷ್ಟು ವರ್ಷ ಗುಂಡಿಗೆ ತಕ್ಕ ಕಂಡಿ ಅಳೆದವಳಿಗೆ ಇದು ತಿಳಿದಿರಲಿಲ್ಲ. ಆ ಸಂಜೆ ಮನೆಯಲ್ಲಿ, ಗೋಡೆಗೆ ಬಣ್ಣ ಬಳಿಯುವ ಕೆಲಸದಲ್ಲಿ ಹಾಡು ಕೇಳುವ ಗಂಡನೂ ತನ್ನ ಫೋನಿನ ಸದ್ದು ಇಳಿಸಿ, “ನೋಡು, ಅರ್ಧ,” ಎಂದು ಮಗಳಿಗೆ ತೋರಿಸಿದ.

ಈಗ ಶೆಡ್ಡಿನಲ್ಲಿ ತಂಗಿಯ ಹಾಡು ನೋವಿಲ್ಲದೆ ಕೇಳುತ್ತದೆ. ನಗು ಮಾತ್ರ ಕೇಳುವುದಿಲ್ಲ. ಸಂಜೆ ಮನೆಯಲ್ಲಿ ಮಗಳು ಅಮ್ಮನ ಪಕ್ಕ ಕೂತು ಮೆಲ್ಲಗೆ ಹಾಡು ಹಾಕುತ್ತಾಳೆ, ಅಮ್ಮನ ಅಂಗೈ ಬಿಡಿಸಿಟ್ಟುಕೊಳ್ಳುತ್ತಾಳೆ. ಚಿಕ್ಕಮ್ಮ ನಗತೊಡಗಿದಾಗ ಅಂಗೈಯಲ್ಲಿ ಬೆರಳು ಕುಣಿಸುತ್ತಾಳೆ. ಬೆರಳು ನಿಂತಾಗ ನಗು ನಿಂತಿತೆಂದು ಅಮ್ಮನಿಗೆ ತಿಳಿಯುತ್ತದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಇಯರ್‌ಫೋನನ್ನು ಒಮ್ಮೆ ತೆಗೆದು ನೋಡಿ. ತುದಿ ನಿಮ್ಮ ಕಿವಿಯ ಅಳತೆಯದೇ? ನೋಯುತ್ತಿದ್ದರೆ ಸಹಿಸಬೇಡಿ, ಬದಲಾಯಿಸಿ. ಆಗಾಗ ತುದಿ ಒರೆಸಿ, ಕಿವಿಗೆ ಬಿಡುವು ಕೊಡಿ. ಅರ್ಧ ಸದ್ದಿಗೆ ಹಾಡು ಕೇಳದಷ್ಟು ಗದ್ದಲವಿದ್ದರೆ ಹಾಡು ಬದಿಗಿಡಿ, ಗದ್ದಲ ತಡೆಯುವ ಕಿವಿಮುಚ್ಚಳವನ್ನು ಮಾಲೀಕರ ಬಳಿ ಕೇಳಿ. ಎಚ್ಚರಿಕೆಯ ಕೂಗು ಕೇಳಲೇಬೇಕಾದ ಕೆಲಸದಲ್ಲಿ ಇಯರ್‌ಫೋನ್ ಬೇಡವೇ ಬೇಡ. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಸೋರುತ್ತಿದ್ದರೆ, ಎಣ್ಣೆ ಬಿಡದೆ, ಕಡ್ಡಿ ಹಾಕದೆ ಡಾಕ್ಟರ ಬಳಿ ಹೋಗಿ.

ನಿಮಗೂ ಕೇಳುತ್ತಲೇ ಇರಬೇಕೆನಿಸುವ ಒಂದು ದನಿ ಇದ್ದೇ ಇರುತ್ತದೆ. ಅದಕ್ಕಾಗಿ, ಈಗಲೇ, ಸದ್ದು ಇಳಿಸಿ.